ಏಳನೇ ಅಂಗಡಿ

ಶ್ರೀರಾಮಪುರದ ನಮ್ಮ ವಠಾರಕ್ಕೆ
ಹನ್ನೊಂದು ಬಾಗಿಲು, ಒಂದೇ ಟೀವಿ.
ಗುರುವಾರ ಎಂಟೂವರೆಗೆ
ಪುಟ್ಟನರಸಮ್ಮನ ನಡುಮನೆಯಲ್ಲಿ ಚಾಪೆ ಬಿದ್ದರೆ
ಬೆಳಗ್ಗೆ ನಲ್ಲಿಯ ಹತ್ತಿರ ಕಿತ್ತಾಡಿದವರೂ
ಮಂಡಿಗೆ ಮಂಡಿ ತಾಗಿಸಿ ಕೂರಬೇಕು.

ಕಥೆ ಇಷ್ಟೇ.
ಆರು ಅಂಗಡಿಗಳ ಸಾಲು, ರಾತ್ರಿ ಮಾತ್ರ ಏಳನೆಯದೊಂದು.
ಒಳಗೆ ಒಂದು ತಕ್ಕಡಿ, ದಪ್ಪ ಕನ್ನಡಕದ ಒಬ್ಬ ಮನುಷ್ಯ.
ಬಂದವರು ಕೇಳುತ್ತಾರೆ, ಅವನು ತೂಗುತ್ತಾನೆ,
ಕೇಳಿದ್ದು ಸಿಗುತ್ತದೆ. ಬೆಳಗಾದರೆ ಬರೀ ಗೋಡೆ.
ಗೋಡೆ ರಟ್ಟಿನದು, ನಮಗೆ ಗೊತ್ತಿತ್ತು;
ಒಮ್ಮೆ ಅವನು ಒರಗಿದಾಗ ಇಡೀ ಬೀದಿ ಅಲ್ಲಾಡಿತ್ತು.
ಯಾರೂ ನಗಲಿಲ್ಲ.

ಪುಟ್ಟನರಸಮ್ಮ ಟೀವಿಯ ಜೊತೆ ಮಾತಾಡುವವಳು:
"ಅಯ್ಯೋ ಬೆಪ್ಪೇ, ಒಡವೆ ಕೇಳ್ತೀಯಲ್ಲ,
ಮೊದ್ಲು ಸೊಂಟನೋವು ಹೇಳ್ಕೋ!"
ಫಿಲೋಮಿನಾ ಆಂಟಿ, ಊದುಬತ್ತಿ ಹೊಸೆದ ಕರೀ ಬೆರಳಲ್ಲಿ
ಶಿಲುಬೆ ಗುರುತು ಹಾಕಿ, ಕೇಳುವವರ ಪರವಾಗಿ ಪ್ರಾರ್ಥಿಸುವವಳು.
ಆಂಟೀ, ಇದನ್ನ ಹಿಂದಿನ ತಿಂಗಳೇ ಶೂಟಿಂಗ್ ಮಾಡಿರ್ತಾರೆ ಅಂದರೆ
"ದೇವರಿಗೆ ಹಿಂದಿನ ತಿಂಗಳೇನು ದೂರಾನಾ?"

ಒಂಬತ್ತನೇ ಕಂತಲ್ಲಿ ಒಬ್ಬ ಮುದುಕ ಬಂದು
ಮುಚ್ಚಿದ ಮಿಲ್ಲು ಒಂದು ಬೆಳಗ್ಗೆ, ಒಂದೇ ಸಲ ಕೂಗಲಿ ಅಂದ.
ತಕ್ಕಡಿ ತುಂಬ ಹೊತ್ತು ತೂಗಾಡಿತು.
ಗಂಗಹನುಮಯ್ಯ ಎದ್ದು ಹೊರಗೆ ಹೋದರು, ಬೀಡಿಗೆ ಅಂತ.
ಬೀಡಿಯ ವಾಸನೆ ಬರಲಿಲ್ಲ.
ಮಾರನೆಯ ದಿನ ಐದೂವರೆಗೆ ನಾನು ನೀರು ಹಿಡಿಯಲು ಹೋದಾಗ
ಇಸ್ತ್ರಿ ಅಂಗಿ, ಕೈಯಲ್ಲಿ ಟಿಫನ್ ಡಬ್ಬಿ,
ಹೊಸ್ತಿಲ ಮೇಲೆ ಕಿವಿಯಾಗಿ ನಿಂತಿದ್ದರು.
"ಡಬ್ಬಿ ತೊಳೆಯೋಣ ಅಂತ" ಎಂದರು.
ಮುಚ್ಚಳದ ಸಂದಿಯಿಂದ ಚಿತ್ರಾನ್ನದ ಹಬೆ.

ಕೊನೆಯ ಕಂತಿನಲ್ಲಿ ಅಂಗಡಿಯವನೇ
ತಕ್ಕಡಿಯ ಈಚೆಗೆ ಬಂದು ನಿಂತ. ಬಾಯಿ ತೆರೆದ.
ಕರೆಂಟು ಹೋಯಿತು.
ವಾಪಸು ಬಂದದ್ದು ಹತ್ತೂಕಾಲಿಗೆ, ವಾರ್ತೆಯ ಜೊತೆ.

ಈಗ ಅದು ಹೊಸದಾಗಿ ಬಂದಿದೆ.
ಎಂಟು ಕಂತನ್ನೂ ಒಂದೇ ರಾತ್ರಿ ಸುರಿದಿದ್ದಾರೆ.
ಗೋಡೆ ಅಲ್ಲಾಡುವುದಿಲ್ಲ.
ತಕ್ಕಡಿ ಹೋಗಿ ಗಾಜಿನ ಹಲಗೆ, ಅದರ ಮೇಲೆ ನೀಲಿ ಅಂಕಿ.
ಲಿಂಗರಾಜಪುರದಲ್ಲಿ ಮಗಳ ಮನೆಯಲ್ಲಿರುವ ಫಿಲೋಮಿನಾ ಆಂಟಿ
ಫೋನು ಮಾಡಿದವಳೇ ನನ್ನ ಆರೋಗ್ಯ ಕೂಡ ವಿಚಾರಿಸದೆ:
"ಅಂಗಡಿಯವನು ತುಂಬ ನಗ್ತಾನಮ್ಮ.
ಕೊಡೋನು ನಗಬಾರದು.
ಕೇಳೋರಿಗೆ ನಾಚಿಕೆ ಆಗುತ್ತೆ."

ನಾನೂ ಬಯ್ಯಲೆಂದೇ ಕೂತೆ,
ತಂಗಿಯ ಮಗಳು ಚಾರ್ವಿಯ ಪಕ್ಕ,
ಅವಳ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ.
ಮೊದಲೆರಡು ಕಂತು ಚೆನ್ನಾಗಿಯೇ ಬೈದೆ.
ಮೂರನೆಯದರಲ್ಲಿ ಊಟ ತಲುಪಿಸುವ ಹುಡುಗಿ,
ಮಡಿಲಲ್ಲಿ ಹೆಲ್ಮೆಟ್ಟು. ಕೇಳಿದ್ದು ಇಷ್ಟು:
ಒಂದು ದಿನ, ನಾನು ಬೆಲ್ ಒತ್ತಿದ ಮನೆಯವರೆಲ್ಲ
ಒಳಗೆ ಬಾ ಅನ್ನಲಿ.

"ಅಯ್ಯೋ ಬೆಪ್ಪೇ, ಇಷ್ಟೇನಾ ಕೇಳೋದು!"
ಕೂಗಿದ ಮೇಲೆ ಗೊತ್ತಾಯಿತು, ಅದು ನನ್ನ ದನಿಯಲ್ಲ,
ಹತ್ತೊಂಬತ್ತು ವರ್ಷದ ಹಿಂದೆ ತೀರಿಕೊಂಡವಳದು.
ಚಾರ್ವಿ ತೋಳಿಗೆ ಮೂಗು ಒರೆಸಿಕೊಂಡು
"ದೊಡ್ಡಮ್ಮಾ, ಅವಳಿಗೆ ಕೇಳ್ಸಲ್ಲ" ಎಂದಳು.

ಕೊನೆಯ ಕಂತಿಗೆ ಮುಂಚೆ ನಿಲ್ಲಿಸಿದೆವು.
ಹಳೇದರಲ್ಲಿ ಅವನು ತನಗೇನು ಕೇಳ್ಕೊಂಡ, ಅಂದಳು.
ಏನು ಹೇಳಲಿ? ನಮ್ಮಲ್ಲಿ ಹತ್ತು ಕೊನೆಗಳಿದ್ದವು.
ಪುಟ್ಟನರಸಮ್ಮನ ಪ್ರಕಾರ ಒಂದು ಲೋಟ ಕಾಫಿ,
ಪಾಪ, ನಿಂತೇ ಇರ್ತಾನೆ.
ಆಂಟಿಯ ಪ್ರಕಾರ ಕನ್ನಡಕವಿಲ್ಲದ ಕಣ್ಣು.
ಗಂಗಹನುಮಯ್ಯ ಎಷ್ಟೋ ತಿಂಗಳು ಸುಮ್ಮನಿದ್ದು
ಒಂದು ದಿನ ಸೈಕಲ್ಲಿಗೆ ಗಾಳಿ ಹೊಡೆಯುತ್ತ ಅಂದಿದ್ದರು:
"ಕರೆಂಟು ಹೋಗಲಿ ಅಂತಲೇ ಕೇಳಿದ್ದು ಕಣಮ್ಮ.
ಅಷ್ಟು ಜನ ನೋಡ್ತಾ ಕೂತಿದ್ವಿ,
ಎದುರಿಗೆ ಹೇಗೆ ಬಾಯಿಬಿಡ್ತಾನೆ?"

ಅದನ್ನೇ ಹೇಳಿದೆ.
ಫೋನಿನಲ್ಲಿ ಚಾರ್ಜು ನಾಲ್ಕು ಉಳಿದಿತ್ತು.
ಚಾರ್ವಿ ಎದ್ದು ವೈರು ಹುಡುಕಲಿಲ್ಲ.