ಮಸಿ ಬಳಿದವನು

ಬಂದೂಕಿನ ಕತೆ ಕೇಳೋಕೆ ಬಂದಿದ್ದರೆ
ಪಕ್ಕದ ಬೀದಿಗೆ ಹೋಗು ಮಗು.
ಅಲ್ಲಿ ಸುಬೇದಾರ್ ಅಂತೋಣಿಸ್ವಾಮಿ ಇದ್ದಾನೆ,
ಮೊಣಕಾಲಲ್ಲಿ ಇನ್ನೂ ಒಂದು ಚೂರು ಲೋಹ,
ಮಳೆ ಬರುವ ಮುಂಚೆ ಅದು ಅವನಿಗೆ ಹೇಳುತ್ತದಂತೆ.
ನಾನು ಗುಂಡು ಹೊಡೆದವನಲ್ಲ.
ಎಪ್ಪತ್ತೊಂದರ ಡಿಸೆಂಬರಿನಲ್ಲಿ ನನ್ನ ಕೈಲಿದ್ದದ್ದು
ಒಂದು ಕುಂಚ, ಒಂದು ಸೀಸೆ ಮಸಿ.

ಸಂಪಂಗಿರಾಮನಗರದ ತಿಗಳರ ಹುಡುಗ,
ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ದುಂಡಗೆ.
ಹಾಗಾಗಿ ಕ್ಲರ್ಕು.
ಸಾಹೇಬರು ಲೂಧಿಯಾನದವರು.
ಹುಡುಗರು ಮನೆಗೆ ಬರೆದ ಕಾಗದ
ಅಂಟಿಸುವ ಮೊದಲು ಅವರು ಓದಬೇಕು.
ಕನ್ನಡದ್ದನ್ನು ಹಿಡಿದು, ತಲೆಕೆಳಗು ಮಾಡಿ ನೋಡಿ
'ಇದೇನಯ್ಯಾ, ಬರೀ ಜಿಲೇಬಿ' ಅಂದು
ಕಟ್ಟನ್ನು ನನ್ನ ಕಡೆ ತಳ್ಳಿದರು.

ಊರಿನ ಹೆಸರು ಹೋಗಬೇಕು. ಹೊಳೆಯ ಹೆಸರು ಹೋಗಬೇಕು.
ಸೇತುವೆ, ರೈಲು, ಎಷ್ಟು ಲಾರಿ, ಯಾವ ದಿಕ್ಕು.
ಉಳಿದದ್ದು ಉಳಿಯಲಿ.

ಉಳಿದದ್ದು ಏನಂತೀಯ?
ಎಮ್ಮೆ ಕರು ಹಾಕಿತಾ, ಚೀಟಿ ದುಡ್ಡು ಯಾರು ಎತ್ತಿದರು,
ಅಣ್ಣ ಕುಡಿಯೋದು ಬಿಟ್ಟನಾ.
ದಂಡಿನ ಹುಡುಗನೊಬ್ಬ ಬರೆದಿದ್ದ:
ಇಲ್ಲಿಯ ಹೊಳೆ ಎಷ್ಟು ಅಗಲ ಅಂದರೆ
ಹಲಸೂರು ಕೆರೆಗೆ ಹಲಸೂರು ಕೆರೆ
ಹೊಲಿದು ಹೊಲಿದು ಹಾಸಿದ ಹಾಗೆ.
ಹಲಸೂರನ್ನು ಅಳಿಸಬೇಕೋ ಬೇಡವೋ,
ಅರ್ಧ ರಾತ್ರಿ ಯೋಚಿಸಿದೆ.
ಶತ್ರು ಹಲಸೂರಿಗೆ ಬಂದು ಏನು ಮಾಡಿಯಾನು?
ಬಿಟ್ಟೆ.

ಕಬ್ಬನ್‌ಪೇಟೆಯ ಚೌಡೇಶ ಅಂತ ಒಬ್ಬ.
ಮಗ್ಗದವರ ಮನೆಯವನು, ಬೆರಳು ಉದ್ದ.
ಹರಿದ ಗುಡಾರ ಅವನು ಹೊಲಿದರೆ
ಹರಿದದ್ದೆಲ್ಲಿ ಅಂತ ಹುಡುಕಬೇಕು.
ಅವನ ಕಾಗದದಲ್ಲಿ ಊರೂ ಇರಲಿಲ್ಲ, ಹೊಳೆಯೂ ಇರಲಿಲ್ಲ.
ನಡುವೆ ಒಂದು ಸಾಲು:
ಅಮ್ಮ, ನನಗೆ ಭಯ ಆಗ್ತದೆ,
ರಾತ್ರಿ ನಿನ್ನ ಮಗ್ಗದ ಸದ್ದು ಕೇಳಿ ಏಳ್ತೀನಿ,
ಎದ್ದರೆ ಅದು ಮಗ್ಗ ಅಲ್ಲ.

ಕಾನೂನಿನ ಪ್ರಕಾರ ಅದು ಉಳಿಯಬೇಕಾದ ಸಾಲು.
ನಾನೇ ಕುಂಚ ಅದ್ದಿದೆ.
ಯಾರೂ ಹೇಳಿರಲಿಲ್ಲ.
ಆ ತಾಯಿ ಒಲೆ ಮುಂದೆ ಕೂತು ಇದನ್ನು ಕೇಳೋದು ಬೇಡ ಅಂತ,
ಒಳ್ಳೆಯದಕ್ಕೇ ಅಂತ.
ಮಸಿ ಒಣಗಲಿ ಎಂದು ಊದಿದೆ,
ಮಕ್ಕಳ ಹಾಲಿಗೆ ಊದುವಂತೆ.

ಹದಿನಾರನೇ ತಾರೀಖು ಯುದ್ಧ ಮುಗಿಯಿತು.
ಚೌಡೇಶ ಹದಿನಾಲ್ಕಕ್ಕೇ.

ರಜೆಗೆ ಬಂದಾಗ ಆ ಗಲ್ಲಿಗೆ ಹೋದೆ.
ಎರಡು ಸಲ ಮನೆ ದಾಟಿ ಹೋಗಿ, ಮೂರನೇ ಸಲ ನಿಂತೆ.
ಸಾಕಮ್ಮನವರು ಮಗ್ಗದ ಗುಂಡಿಯಿಂದ ಎದ್ದು ಬಂದು
ಅರಿಶಿನದ ಡಬ್ಬಿಯಿಂದ ಕಾಗದ ತೆಗೆದರು.
ಅವರಿಗೆ ಓದು ಬಾರದು.
ಓದಿ ಹೇಳಿದ ಮೇಷ್ಟರು
ಕಪ್ಪು ಬಂದ ಕಡೆ ಕೆಮ್ಮಿ ಮುಂದೆ ಹೋದರಂತೆ.
'ನೀನು ಮಿಲಿಟ್ರಿಯವನು, ಇಲ್ಲೇನಿತ್ತಪ್ಪ?'
'ಊರಿನ ಹೆಸರಮ್ಮ. ಬರೀಬಾರದಿತ್ತು.'
'ಇಷ್ಟುದ್ದದ ಊರಾ?'

ಕಾಗದ ಮಗುಚಿ, ಬೆನ್ನ ಮೇಲೆ
ನೂಲು ಎಣಿಸುವ ಬೆರಳು ಆಡಿಸಿದರು.
'ಎಲ್ಲಾ ಕಡೆ ಹಗೂರ ಬರೆದವ್ನೆ.
ಇಲ್ಲಿ ಮಾತ್ರ ಒತ್ತವ್ನೆ, ನೋಡು,'
ಅಂತ ನನ್ನ ಬೆರಳು ಹಿಡಿದು ಅಲ್ಲಿಟ್ಟರು.

ನಾನು ಹೇಳಲಿಲ್ಲ.
ಕಾಫಿ ಕೊಟ್ಟರು, ಕುಡಿದೆ.
ಆಮೇಲೂ ವರ್ಷಕ್ಕೊಮ್ಮೆ ಹೋಗುತ್ತಿದ್ದೆ,
ಸೊಪ್ಪೋ ನಾಲ್ಕು ಸೀಬೆಹಣ್ಣೋ ಹಿಡಿದುಕೊಂಡು.
ಅವರು ಮತ್ತೆ ಕೇಳಲಿಲ್ಲ.
ಈಗ ಆ ಮನೆ ಇದ್ದಲ್ಲಿ ವೈರು, ಸ್ವಿಚ್ಚು ಮಾರುತ್ತಾರೆ.
ನಮ್ಮಪ್ಪ ಸೊಪ್ಪು ಬೆಳೆಯುತ್ತಿದ್ದ ಸಂಪಂಗಿ ಕೆರೆ
ಸ್ಟೇಡಿಯಮ್ಮಾಗಿ ಯಾವ ಕಾಲವಾಯಿತು.
ಅಲ್ಲಿ ಹೊಳೆ ಹರಿಯುತ್ತಿತ್ತು, ಹೆಸರು ನಾನು ಅಳಿಸಿದೆ.
ಇಲ್ಲಿ ಹೆಸರಿದೆ, ನೀರಿಲ್ಲ.
ಬಿಡು, ಅದು ಬೇರೆ ಮಾತು.

ನಿನ್ನ ಮೊಬೈಲಿಗೆ ಎಲ್ಲಾ ಬಂತಾ ಮಗು?
ಅಂತೋಣಿಯ ಕಾಲಿನ ವಿಷಯ ತೆಗೆದುಹಾಕು,
ಬೇಜಾರು ಮಾಡಿಕೊಳ್ಳುತ್ತಾನೆ.
ನನ್ನ ಹೆಸರೂ ಬೇಕಿಲ್ಲ.
ಆ ಹುಡುಗನ ಸಾಲು ಮಾತ್ರ
ಮುಟ್ಟಬೇಡ.