ಐಹೊಳೆಯಲ್ಲಿ ಒಂದು ಅಡುಗೆಮನೆ

ಗುಳೇದಗುಡ್ಡದಿಂದ ಆರೂವರೆಗೆ ಹೊರಟ ಟೆಂಪೊ.
ಏಳನೆಯ ಇಯತ್ತೆಯ ಮೂವತ್ತೊಂದು ಮಕ್ಕಳು, ನಾನು,
ರೊಟ್ಟಿಯ ಮೂರು ಬುಟ್ಟಿ,
ಬುಟ್ಟಿ ಕಾಯಲೆಂದು ಬಂದ ಬಿಸಿಯೂಟದ ಹಜರತಬಿ.

ದಾರಿಯುದ್ದಕ್ಕೂ ರೋಮ್ ಪಟ್ಟಣದ ಚಿತ್ರ ಕೈಯಿಂದ ಕೈಗೆ:
ಮುರಿದ ಕಂಬ, ಛಾವಣಿಯ ಜಾಗದಲ್ಲಿ ಆಕಾಶ.
'ನಮ್ಮವು ದೊಡ್ಡವೋ ಅವರವೋ, ಸರ್?'
ಕಿಟಕಿಯ ಪಕ್ಕದಿಂದ ಶ್ರೀಶೈಲ.
ಅಮೀನಗಡ ಬಂತು. ಕರದಂಟಿನ ಗದ್ದಲದಲ್ಲಿ
ಉತ್ತರ ತಪ್ಪಿಸಿಕೊಂಡೆ.

ದುರ್ಗದ ಗುಡಿ: ಆನೆಯ ಬೆನ್ನಿನ ಹಾಗೆ, ಎಂದೆ. ಬರೆದುಕೊಂಡರು.
ಲಾಡ್‌ಖಾನ್ ಗುಡಿ: ಯಾರೋ ವಾಸವಿದ್ದರಂತೆ,
ಹೆಸರು ಅಂಟಿತಂತೆ. ಅದನ್ನೂ ಬರೆದುಕೊಂಡರು.
ಬಿಸಿಲು ಮೊದಲು ಕಲ್ಲಿಗೆ ಹತ್ತಿ
ಆಮೇಲೆ ಅಂಗಾಲಿಗೆ ಬಂತು.

ಫಲಕವಿಲ್ಲದ ಸಣ್ಣದೊಂದು ಗುಡಿ, ಊರಿನ ಅಂಚಿಗೆ.
ಹಜರತಬಿ ಚಪ್ಪಲಿ ಬಿಟ್ಟಳು.
ದೇವರಿಗೆ ಬಿಡುವಂತಲ್ಲ,
ಒಂದು ಕಾಲಿನಿಂದ ಇನ್ನೊಂದನ್ನು ಒದರಿ,
ಮನೆಗೆ ಬಂದವರು ಬಿಡುವಂತೆ.

ನೆಲದ ಕುಣಿಯ ಸುತ್ತ ಮಕ್ಕಳು.
ಕಂಬ ಊರಿದ್ದಿರಬೇಕು, ಅಥವಾ ದೀಪದ ಎಣ್ಣೆಗೆ,
ಎನ್ನುತ್ತಿದ್ದೆ ನಾನು.
'ಮೆಣಸಿನಕಾಯಿ ಕುಟ್ಟೂ ಒಳ್ಳು ಅದು, ಸರ.
ನಮ್ಮಮ್ಮ ಕುಟ್ಟಿ ಕುಟ್ಟಿ ಇಷ್ಟ ಆಳ ಆತು.
ಆ ಬಸವಣ್ಣನ ಮ್ಯಾಲ ಕೌದಿ ಒಣಾ ಹಾಕ್ತಿದ್ವಿ.
ಪಾಪ, ಒಂದಿನಾ ಬ್ಯಾಸರಾ ಮಾಡ್ಕೊಂಡಿಲ್ಲ.'

ಮನೆ ಕೊಡ್ತೇವಿ ಏಳ್ರಿ ಅಂತ ಎಬ್ಬಿಸಿದಾಗ
ಅವಳಿಗೆ ಎಂಟು ವರ್ಷ.
ಮಾತು ಅಲ್ಲಿಗೆ ನಿಲ್ಲಿಸಿ ಕತ್ತೆತ್ತಿದಳು.
ಮೇಲೆ ಕಲ್ಲಿನಲ್ಲಿ ತಾವರೆ,
ಎಸಳೆಸಳೂ ತೊಳೆದಿಟ್ಟಂತೆ.
'ಇದು ಕರ್ರಗಿತ್ತು,' ಅಂದಳು.
'ಒಲಿ ಹೊಗಿ. ಇಲ್ಲೊಂದು ಹೂವೈತಿ ಅಂತ
ನಮಗ ಗೊತ್ತ ಇರಲಿಲ್ಲ.'

ಕತ್ತು ನೋಯುವಷ್ಟು ಹೊತ್ತು ನಿಂತಳು.
ಯಾವನೋ ಹುಡುಗ ಸುಮ್ಮನೆ ನೆಲದ ಮೇಲೆ ಅಂಗಾತ ಮಲಗಿದ.
ಮತ್ತೊಬ್ಬಳು ಮಲಗಿದಳು. ಆಮೇಲೆ ಎಲ್ಲರೂ.

ಅವಳು ಬುಟ್ಟಿ ಬಿಚ್ಚಿದಳು. ಶೇಂಗಾ ಹಿಂಡಿಯ ವಾಸನೆ
ಗರ್ಭಗುಡಿಯವರೆಗೆ ಹೋಗಿರಬೇಕು.
ಕಾವಲುಗಾರ ಸೀಟಿ ಊದಿದ:
ಒಳಗ ಉಣ್ಣೂಹಂಗಿಲ್ಲ, ಹೊರಗ ನಡೀರಿ.
ಹಜರತಬಿ ಏನೂ ಅನ್ನದೆ
ಬುಟ್ಟಿ ಸೊಂಟಕ್ಕಿಟ್ಟು ಬೇವಿನ ನೆರಳಿಗೆ ನಡೆದಳು.

ಸೋಮವಾರ ನೋಟ್‌ಬುಕ್ ತಿದ್ದುತ್ತ ಕೂತೆ.
ಶತಮಾನ ತಪ್ಪಿದವರು ಒಂಬತ್ತು ಜನ.
ಶ್ರೀಶೈಲನದು, ಓರೆ ಅಕ್ಷರದಲ್ಲಿ:
'ಐಹೊಳೆಯಲ್ಲಿ ನೂರಾರು ಗುಡಿಗಳು
ಮತ್ತು ಒಂದು ಅಡುಗೆಮನೆ ಇವೆ.
ರೋಮಿನಲ್ಲಿ ಯಾರು ಮಲಗುತ್ತಿದ್ದರು
ಎಂದು ಸರ್ ಹೇಳಲಿಲ್ಲ.'

ಕೆಂಪು ಪೆನ್ನಿಗೆ ಟೊಪ್ಪಿಗೆ ಹಾಕಿದೆ.