ಉಬ್ಬುತಳ

ಇವತ್ತು ಸರೋವರ ಸುಮ್ಮನಿದೆ.
ಮೂರು ದಿನ ಮ್ವೇರಾ ಗಾಳಿ ಎದ್ದು
ದೋಣಿಗಳನ್ನೆಲ್ಲ ಮರಳಿಗೆ ಒಗೆದು, ಬೈದು,
ನಿನ್ನೆ ರಾತ್ರಿ ನಾಚಿಕೊಂಡಂತೆ ಮಲಗಿತು.
ನನಗೆ ಸೊಂಟದವರೆಗೆ, ನ್ಯಾಚಿರ್ವಾಳಿಗೆ ಎದೆಯವರೆಗೆ.
ನೀರು ಒಂದೇ, ಆಳ ಅವರವರದು.

ಅವಳ ಕೈಯಲ್ಲಿ ಡಬ್ಬಿ.
"ಅದನ್ನು ದಡದಲ್ಲಿಡು ತಾಯಿ" ಅಂದೆ.
"ಇದೂ ಮುಳುಗಬೇಕು, ಅಬುಸಾ" ಅಂದಳು.

ಯಾರಿಗೆ ಗೊತ್ತಿಲ್ಲ ಆ ಡಬ್ಬಿ!
ಮೊದಲು ಹಾಲುಪುಡಿಯದು, ಬಣ್ಣ ಹೋಗಿ ಈಗ ಬರೀ ತಗಡು.
ಇಪ್ಪತ್ತೆರಡು ವರ್ಷ ಒಣಗಿದ ಉಸಿಪಾ ಮೀನು
ಅದರಲ್ಲೇ ಅಳೆದಳು, ಬಸ್ಸು ನಿಲ್ಲುವ ಮಾವಿನಮರದ ಕೆಳಗೆ.
ಹೊರಗಿನಿಂದ ತಳಕ್ಕೆ ಕಲ್ಲಿನ ಒಂದೇ ಏಟು,
ಒಳಗೆ ಬೋಗುಣಿ ಮಗುಚಿದಂತೆ ಉಬ್ಬು.
ಡಬ್ಬಿಗೆ ಒಂದು ಹಿಡಿ ಕಮ್ಮಿ.
ಮೇಲೆ ಗುಡ್ಡೆ ಪೇರಿಸಿ, ಕೊಸರು ಎಂದು
ಇನ್ನೂ ನಾಲ್ಕು ಮೀನು ಉದುರಿಸುವಳು.
ಧಾರಾಳದ ಕೈ ಎಂದು ಹೊಗಳುತ್ತಿದ್ದೆವು.
ನಾನೂ.

ಹೋದ ಭಾನುವಾರ ಸಭೆಯ ನಡುವೆ ಎದ್ದು ಹೇಳಿಬಿಟ್ಟಳು.
ಅಳಲಿಲ್ಲ. ಅಳುವವರನ್ನು ಬಹಳ ಕಂಡಿದ್ದೇನೆ,
ಕಣ್ಣೀರು ಆರುವ ಮೊದಲೇ ಚಿತೆಂಜಿ ಬಟ್ಟೆ ಕೊಡವಿ
ಮನೆಗೆ ಹೋಗಿ ಉಣ್ಣುವವರನ್ನು.
ಇವಳು ಲೆಕ್ಕ ಹೇಳಿದಳು.
ಕುಂಟ ದರ್ಜಿಗೆ ಇಷ್ಟು ಹಿಡಿ, ಬಾಣಂತಿ ತೆಂಬಾಳಿಗೆ ಇಷ್ಟು,
ಸತ್ತ ಅಂಬಿಗನಿಗೆ ಇಷ್ಟು, ಅವನದನ್ನು ಯಾರಿಗೆ ಕೊಡಲಿ?
"ನಿನ್ನದು ಮರೆತೆ, ಅಬುಸಾ. ಬಹಳ ಇರಬೇಕು.
ನೀನು ಡಬ್ಬಿಯೊಳಗೆ ನೋಡುತ್ತಲೇ ಇರಲಿಲ್ಲ."

ಮೊದಲು ತೀರಿಸಲಿ, ಸ್ನಾನ ಆಮೇಲೆ ಎಂದರು ಹಿರಿಯರು.
ತೀರಿಸಿಯೇ ಬರಬೇಕಾದರೆ ಈ ನೀರಿಗೆ ಯಾರು ಇಳಿದಾರು,
ಕೃಪೆಯೇನು ರಶೀದಿಯೇ ಎಂದೆ ನಾನು.
ಒಳ್ಳೆಯ ಮಾತು. ನನ್ನ ಬಾಯಿಗೆ ಒಳ್ಳೆಯ ಮಾತು ಸುಲಭ.
ರಾತ್ರಿ ಅದೇ ಮಾತು ನನ್ನೆದುರು ಬಂದು ಕೂತು
ಚಿಮಣಿಯ ಬತ್ತಿ ಏರಿಸಿತು.

ನನ್ನ ಪೆಟ್ಟಿಗೆಯಲ್ಲೊಂದು ದಪ್ಪ ರಿಜಿಸ್ಟರು,
ದೀಕ್ಷಾಸ್ನಾನವಾದವರ ಹೆಸರು, ವರ್ಷವಾರು.
ಪಟ್ಟಣದ ಕಚೇರಿಗೆ ಸಂಖ್ಯೆ ಬೇಕು.
ಸಂಖ್ಯೆ ಬೆಳೆದರೆ ಸಭೆಗೆ ಚಾವಣಿ, ನನಗೆ ಸೈಕಲ್ಲು.
ಸೈಕಲ್ಲು ಬಂತು.
ಹಾಳೆಯ ಮೇಲೆ ಸತ್ತವರನ್ನು ಎರಡೆರಡು ಸಲ ಮುಳುಗಿಸಿದ್ದೇನೆ,
ಹುಟ್ಟದವರಿಗೂ ಹೆಸರಿಟ್ಟಿದ್ದೇನೆ.
ಅವಳದು ಒಂದು ಹಿಡಿ ಕಮ್ಮಿ. ನನ್ನದು
ಎಷ್ಟು ಹಿಡಿ ಜಾಸ್ತಿಯೋ, ಎಣಿಸಿಲ್ಲ.

ನಂಬುತ್ತೀಯಾ ಎಂದು ಕೇಳಬೇಕಾದವನು ನಾನು.
ಸುತ್ತ ಇಷ್ಟು ನೀರಿದ್ದೂ ನಾಲಗೆ ಒಣಗಿತು.
ಕಾದು ಕಾದು ಅವಳೇ ಅಂದಳು, "ನಂಬುತ್ತೇನೆ",
ಯಾರೂ ಕೇಳದ ಪ್ರಶ್ನೆಗೆ.

ಮೂರು ಹೆಸರು ಹೇಳಿದೆ. ಬೆನ್ನಿಗೆ ಕೈಕೊಟ್ಟು ಬಾಗಿಸಿದೆ.
ಭಾರವೇ ಇಲ್ಲದ ಮೈ, ಒಣಮೀನಿನ ಬುಟ್ಟಿ.
ನೀರು ಮುಚ್ಚಿತು.
ಅದು ಗೋರಿ ಎಂದು ಬೋಧಿಸುವವನು ನಾನೇ,
ಕಂಡದ್ದು ಇವತ್ತು.
ಕೊನೆಗೆ ಡಬ್ಬಿ, ಒಳಗಿನ ಗಾಳಿಯನ್ನೆಲ್ಲ
ಗುಳುಗುಳು ಒಪ್ಪಿಸಿ, ಅದೂ.

ಎದ್ದಳು. ಕೆಮ್ಮಿದಳು. ಮೂಗಿನ ತುಂಬ ನೀರು.
ಆಕಾಶ ತೆರೆಯಲಿಲ್ಲ, ಮೀನುಹದ್ದೊಂದು ಕೂಗಿತು ಅಷ್ಟೆ.
ಡಬ್ಬಿ ತೊಳೆದಿತ್ತು. ಉಬ್ಬು ಹಾಗೇ ಇತ್ತು.

ದಡದಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು
ಮೊಮ್ಮಗ ಸುಜ್ಗೊ ತಂದ ಕಲ್ಲನ್ನು ಡಬ್ಬಿಯೊಳಗೆ ತೂರಿಸಿ
ಒಳಗಿನಿಂದ ಹೊಡೆದಳು.
ಟಣ್.
ಹಾಡುವವರಿಗೆ ಹಾಡು ತಪ್ಪಿತು.
ಟಣ್. ತಗಡು ಒಂದು ಕಡೆ ಸೀಳಿತು.
"ಸೀಳಲಿ ಬಿಡು. ಸೋರಿದರೆ
ಕೊಳ್ಳುವವರ ಚೀಲಕ್ಕೇ ತಾನೇ ಸೋರುವುದು."

ಪಟ್ಟಿಯಲ್ಲಿ ಇನ್ನಾರಿದ್ದಾರೆ ಎಂದು ಹಿರಿಯರು ನೋಡಿದರು.
ಯಾರೂ ಇರಲಿಲ್ಲ.
ನಾನು ನೀರಿನಿಂದ ಮೇಲೆ ಬರಲಿಲ್ಲ.

"ಚಳಿಯಾಗುತ್ತೆ ಅಬುಸಾ" ಅಂದ ಸುಜ್ಗೊ.
"ಆ ಕಲ್ಲು ಎಸೆಯಬೇಡ ಮಗಾ" ಅಂದೆ.
"ಓಡಿಹೋಗಿ ನನ್ನ ಪೆಟ್ಟಿಗೆಯಿಂದ ರಿಜಿಸ್ಟರು ತಾ."
ಕೊರಳ ದಾರ ಬಿಚ್ಚಿ ಬೀಗದ ಕೈ ಕೊಟ್ಟೆ.
ಅದೂ ಒದ್ದೆಯಾಗಿತ್ತು.